ಲೆಕ್ಕದಲ್ಲಿ 1,258, ಪರದೆಯಲ್ಲಿ 740: ಕಾಸರಗೋಡಿನ ರಸ್ತೆಯಲ್ಲಿ ಹೈಬ್ರಿಡ್ ಕಾರು

ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್. ಬ್ಯಾಡ್ಜು ಬೇರೆ, ಒಳಗಿನ ಯಂತ್ರ ಒಂದೇ. 2022ರಲ್ಲಿ ಮಾರುಕಟ್ಟೆಗೆ ಬಂದ ಈ ಜೋಡಿಯ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯ ಮೋಟಾರಿನಿಂದಲೂ ಓಡುವ) ಮಾದರಿಗೆ ಕಂಪನಿ ಕೊಟ್ಟಿರುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಟ್ಯಾಂಕು 45 ಲೀಟರಿನದು. ಗುಣಿಸಿದರೆ 1,258 ಕಿ.ಮೀ. ಆದರೆ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಟ್ಯಾಂಕ್ ತುಂಬಿಸಿ ಹೊರಟರೆ ಮೀಟರಿನ ಪರದೆ ತೋರಿಸುವುದು 740, ಕೆಲವೊಮ್ಮೆ 690. ಹೊಸ ಕಾರು ಕೊಂಡವರು ಮೊದಲ ತಿಂಗಳಲ್ಲೇ ಸರ್ವೀಸಿಗೆ ಓಡುವುದು ಈ ಅಂಕಿಯನ್ನು ಹಿಡಿದುಕೊಂಡು. ಅಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿ ‘ಏನೂ ತೊಂದರೆ ಇಲ್ಲ ಸರ್’ ಎಂದು ಕಳುಹಿಸುತ್ತಾರೆ. ಹೆಚ್ಚಿನ ಸಲ ಅದು ನಿಜವೇ. ಯಾಕೆ ಹಾಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಅಷ್ಟೇ.

27.97 ಎಂಬುದು ಪ್ರಯೋಗಶಾಲೆಯಲ್ಲಿ ರೋಲರಿನ ಮೇಲೆ ಕಾರನ್ನು ಓಡಿಸಿ ತೆಗೆದ ಅಂಕಿ. ಎಸಿ ಹಾಕುವುದಿಲ್ಲ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಅದೂ ಸ್ವಲ್ಪ ಹೊತ್ತು ಮಾತ್ರ. ನಿಂತು ಹೊರಡುವುದು, ನಿಧಾನಕ್ಕೆ ಓಡುವುದು ಜಾಸ್ತಿ. ಹೈಬ್ರಿಡ್ ಗೆಲ್ಲುವುದೇ ಅಂಥ ಓಟದಲ್ಲಿ; ಹಾಗಾಗಿ ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್ಡಿಗೆ ಈ ಪರೀಕ್ಷೆಯಿಂದ ಹೆಚ್ಚು ಲಾಭ. ನಮ್ಮಲ್ಲಿ ಚೈತ್ರದ ಬಿಸಿಲಿಗೂ ಆಟಿಯ ಮಳೆಗೂ ಎಸಿ ಬೇಕೇ ಬೇಕು, ಮಳೆಗಾಲದಲ್ಲಿ ಎದುರಿನ ಗಾಜಿನ ಮಂಜು ತೆಗೆಯುವುದಕ್ಕೆ. ಅಲ್ಲಿಗೆ ಲೀಟರಿಗೆ ಎರಡು ಮೂರು ಕಿ.ಮೀ. ಹೋಯಿತು.

ಪರದೆಯ ‘ಇನ್ನೆಷ್ಟು ದೂರ’ ಎಂಬ ಅಂಕಿ ಬರುವ ದಾರಿ ಬೇರೆ. ಕಾರು ಇತ್ತೀಚೆಗೆ ಓಡಿದ ಸರಾಸರಿ ಮೈಲೇಜನ್ನು ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ಗುಣಿಸುತ್ತದೆ, ತಳದ ಒಂದಿಷ್ಟನ್ನು ಲೆಕ್ಕಕ್ಕೆ ಸೇರಿಸದೆ ಬಚ್ಚಿಡುತ್ತದೆ. ಪೆಟ್ರೋಲ್ ಕಡಿಮೆಯಾದ ಎಚ್ಚರಿಕೆಯ ದೀಪ ಉರಿಯುವಾಗಲೂ ಆರೇಳು ಲೀಟರ್ ಉಳಿದಿರುತ್ತದೆ. ಸೊನ್ನೆ ತೋರಿಸಿದಾಗಲೂ ಟ್ಯಾಂಕು ಒಣಗಿರುವುದಿಲ್ಲ. 45ರಲ್ಲಿ 38 ಲೀಟರ್ ಮಾತ್ರ ಲೆಕ್ಕಕ್ಕೆ, ಸರಾಸರಿ 19.5 ಎಂದಾದರೆ 741 ಬಂತು. ಅಂದರೆ 740 ಸುಳ್ಳಲ್ಲ, ಹೆದರಿಕೆಯ ಲೆಕ್ಕ. ಮಡಿಕೇರಿಗೆ ಹತ್ತಿ ಬಂದ ಮರುದಿನ ಟ್ಯಾಂಕ್ ತುಂಬಿಸಿದರೆ ಏರಿನ ಸರಾಸರಿಯೇ ಅದರ ತಲೆಯಲ್ಲಿರುತ್ತದೆ. 600 ತೋರಿಸಿದರೂ ಆಶ್ಚರ್ಯವಿಲ್ಲ. ಅದೇ ಪೆಟ್ರೋಲಿನಲ್ಲಿ ಮಂಗಳೂರಿಗೆ ಎರಡು ಸಲ ಹೋಗಿ ಬಂದರೆ ಅಂಕಿ ಇಳಿಯಬೇಕಾದಷ್ಟು ಇಳಿಯದೆ ಅಲ್ಲೇ ನಿಂತಂತೆ ಕಾಣುತ್ತದೆ.

ಇನ್ನೊಂದು ಕಿರಿಕಿರಿ 500 ರೂಪಾಯಿಯ ಪೆಟ್ರೋಲ್. ನಮ್ಮಲ್ಲಿ ಬಹಳ ಮಂದಿಯ ಅಭ್ಯಾಸ ಇದು. 500ಕ್ಕೆ ಬರುವುದು ಐದು ಲೀಟರಿಗಿಂತ ಕಡಿಮೆ. ಇಷ್ಟು ಸಣ್ಣ ಪ್ರಮಾಣ ಹಾಕಿದರೆ ಪರದೆಯ ಅಂಕಿ ಬದಲಾಗದೆ ಇರಬಹುದು, ಯಾಕೆಂದರೆ ಏರುಪೇರಿನ ರಸ್ತೆಯಲ್ಲಿ ಪೆಟ್ರೋಲ್ ತುಳುಕಿದಾಗಲೆಲ್ಲ ಮುಳ್ಳು ಕುಣಿಯಬಾರದೆಂದು ಮೀಟರನ್ನು ಬೇಕೆಂದೇ ಮಂದ ಮಾಡಿರುತ್ತಾರೆ. ಸಣ್ಣ ಏರಿಕೆಯನ್ನು ಅದು ತುಳುಕಾಟವೆಂದೇ ತಿಳಿಯುತ್ತದೆ. ಕಾರನ್ನು ಪೂರ್ತಿ ಆಫ್ ಮಾಡದೆ ಪೆಟ್ರೋಲ್ ಹಾಕಿಸಿದರೂ ಇದೇ ಕತೆ. ಹೈಬ್ರಿಡ್ಡಿನಲ್ಲಿ ಈ ತಪ್ಪು ಆಗುವುದು ಸುಲಭ: ಎಂಜಿನ್ ಸದ್ದಿಲ್ಲದ ಮಾತ್ರಕ್ಕೆ ಕಾರು ಆಫ್ ಆಗಿಲ್ಲ. ‘ರೆಡಿ’ ದೀಪ ನಂದಿದೆಯೇ ನೋಡಬೇಕು. ಸುರಕ್ಷತೆಗೂ ಅದು ಅಗತ್ಯ. ಎಸಿ ಓಡುತ್ತಿದ್ದರೆ ಪೆಟ್ರೋಲ್ ಹಾಕುತ್ತಿರುವಾಗಲೇ ಎಂಜಿನ್ ತಾನಾಗಿ ಎದ್ದೀತು. ಬಂಕಿನ ನೆಲ ಇಳಿಜಾರಾಗಿದ್ದರೆ ಮುಳ್ಳು ಇನ್ನೊಂದಿಷ್ಟು ಸುಳ್ಳು ಹೇಳುತ್ತದೆ, ಸಮನೆಲಕ್ಕೆ ಬಂದು ಸ್ವಲ್ಪ ಓಡಿದ ಮೇಲೆ ಸರಿಹೋಗುತ್ತದೆ.

ಬೇರೆ ಊರಿನವರಿಗೆ ಈ ಅಂಕಿ ಬರೀ ಕುತೂಹಲ. ನಮಗೆ ಇದು ದುಡ್ಡಿನ ವಿಷಯ, ಯಾಕೆಂದರೆ ಕೇರಳದ ಪೆಟ್ರೋಲ್ ಕರ್ನಾಟಕದ್ದಕ್ಕಿಂತ ಲೀಟರಿಗೆ ಮೂರು ನಾಲ್ಕು ರೂಪಾಯಿ ತುಟ್ಟಿ. ಮಂಜೇಶ್ವರ, ಉಪ್ಪಳದವರು ಗಡಿಯ ತಲಪಾಡಿ ದಾಟಿ ತುಂಬಿಸುತ್ತಾರೆ, ಪೆರ್ಲದವರು ವಿಟ್ಲದ ಕಡೆ ಹೋದಾಗ, ಮುಳ್ಳೇರಿಯ, ಆದೂರಿನವರು ಜಾಲ್ಸೂರು, ಸುಳ್ಯದಲ್ಲಿ. ತೆಂಕಣಕ್ಕೆ ಹೋಗುವವರಿಗೆ ಪುದುಚೇರಿಗೆ ಸೇರಿದ ಮಾಹೆ ಇದೆ, ಅಲ್ಲಿ ಇನ್ನೂ ಅಗ್ಗ. ಹಾಗಾಗಿ ಪರದೆಯಲ್ಲಿ 60 ಕಿ.ಮೀ. ಎಂದು ಕಂಡಾಗ ಇಲ್ಲೇ 500 ಹಾಕಿಸುವುದೋ ಗಡಿಯವರೆಗೆ ಎಳೆಯುವುದೋ ಎಂಬ ಜಿಜ್ಞಾಸೆ ಶುರು. ಮಂಗಳೂರಿಗೋ ದೇರಳಕಟ್ಟೆಯ ಆಸ್ಪತ್ರೆಗೋ ಹೋಗಲಿಕ್ಕೇ ಇದ್ದರೆ ಎಳೆಯಬಹುದು. ಸೊನ್ನೆಯ ಕೆಳಗೂ ಸ್ವಲ್ಪ ಇರುತ್ತದೆ. ಆದರೆ ಪೆಟ್ರೋಲಿಗೆಂದೇ ಕಾಸರಗೋಡು ಪೇಟೆಯಿಂದ ತಲಪಾಡಿಗೆ ಹೋಗುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ. 35 ಲೀಟರಿಗೆ ನಾಲ್ಕು ರೂಪಾಯಿಯಂತೆ ಉಳಿಯುವುದು 140. ಹೋಗಿ ಬರಲು ಅರುವತ್ತು ಚಿಲ್ಲರೆ ಕಿಲೋಮೀಟರಿಗೆ ಸುಡುವುದು ಮೂರು ಲೀಟರ್, 300 ರೂಪಾಯಿಗೂ ಮಿಕ್ಕಿ.

ಸೊನ್ನೆಯವರೆಗೆ ಎಳೆಯುವುದರಲ್ಲಿ ಹೈಬ್ರಿಡ್ಡಿಗೆ ಒಂದು ವಿಶೇಷ ಅಪಾಯವಿದೆ. ಸಾಮಾನ್ಯ ಕಾರು ಪೆಟ್ರೋಲ್ ಮುಗಿದು ನಿಂತರೆ ಕ್ಯಾನಿನಲ್ಲಿ ತಂದು ಸುರಿದರೆ ಹೊರಡುತ್ತದೆ. ಹೈಬ್ರಿಡ್ ಪೆಟ್ರೋಲ್ ಮುಗಿದ ಮೇಲೂ ಬ್ಯಾಟರಿಯಲ್ಲಿ ಸ್ವಲ್ಪ ದೂರ ಹೋಗುತ್ತದೆ, ಎಚ್ಚರಿಕೆಯ ದೀಪ ಹಾಕುತ್ತಲೇ. ಆ ಸೌಕರ್ಯವನ್ನು ನಂಬಿ ದೊಡ್ಡ ಬ್ಯಾಟರಿಯನ್ನೂ ಬರಿದು ಮಾಡಿದರೆ ಆಮೇಲೆ ಎಂಜಿನನ್ನು ತಿರುಗಿಸಲು ಶಕ್ತಿ ಇಲ್ಲ. ಇದರ ಎಂಜಿನನ್ನು ಎಬ್ಬಿಸುವುದು ಆ ದೊಡ್ಡ ಬ್ಯಾಟರಿಯಿಂದ ಓಡುವ ಮೋಟಾರು. ಕಾರಿನಲ್ಲಿರುವ ಇನ್ನೊಂದು, 12 ವೋಲ್ಟಿನ ಚಿಕ್ಕ ಬ್ಯಾಟರಿಗೆ ಬೇರೆ ಕಾರಿನಿಂದ ಜಂಪರ್ ಕೇಬಲ್ ಹಾಕಿದರೆ ಪ್ರಯೋಜನವಿಲ್ಲ. ಆಗ ಇಡೀ ಕಾರನ್ನು ಲಾರಿಯ ಮೇಲೆ ಏರಿಸಿ ಒಯ್ಯಬೇಕು. ಮುಂದಿನ ಚಕ್ರ ನೆಲದಲ್ಲಿ ಉರುಳುವಂತೆ ಹಗ್ಗ ಕಟ್ಟಿ ಎಳೆಯಲೇಬಾರದು, ಚಕ್ರದ ಜೊತೆ ಮೋಟಾರೂ ತಿರುಗಿ ಕರೆಂಟು ಹುಟ್ಟಿಸುತ್ತದೆ. ಜೀಪು ತಂದು ಎಳೆದುಕೊಡುತ್ತೇವೆಂದು ಬರುವ ನೆರೆಯವರಿಗೆ ಇದನ್ನು ಮೊದಲೇ ಹೇಳಬೇಕು.

ಟ್ಯಾಂಕು ತುಂಬುವುದರ ಬಗ್ಗೆಯೂ ಒಂದು ಮಾತು. ನಳಿಕೆ ಒಮ್ಮೆ ‘ಟಕ್’ ಎಂದು ನಿಂತ ಮೇಲೆ ‘ರೌಂಡ್ ಮಾಡ್ಲಾ ಅಣ್ಣಾ?’ ಎಂಬ ಪ್ರಶ್ನೆ ಬರುತ್ತದೆ. ಬೇಡ ಎನ್ನಿ. ಟ್ಯಾಂಕಿನ ಆವಿಯನ್ನು ಹೀರಿ ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಕುತ್ತಿಗೆಯವರೆಗೆ ಸುರಿದರೆ ಆವಿಯ ಬದಲು ಪೆಟ್ರೋಲೇ ಅದರೊಳಗೆ ಹೋಗುತ್ತದೆ. ಡಬ್ಬಿ ಹಾಳಾದರೆ ಎಂಜಿನ್ ಎಚ್ಚರಿಕೆ ದೀಪ, ಪೆಟ್ರೋಲ್ ವಾಸನೆ, ಪೆಟ್ರೋಲ್ ಹಾಕಿಸಿದ ಕೂಡಲೇ ತಡವರಿಸಿ ಏಳುವ ಎಂಜಿನ್. ‘ನನ್ನ ಕಾರಿಗೆ 45 ಲೀಟರ್ ಹಿಡಿಯುವುದೇ ಇಲ್ಲ’ ಎಂಬ ದೂರು ಮಾತ್ರ ಎಲ್ಲ ಸಲವೂ ಭ್ರಮೆಯಲ್ಲ. ಅಮೆರಿಕದಲ್ಲಿ 2019ರ ಮಾದರಿಯ ಟೊಯೋಟಾ ರ‍್ಯಾವ್4 ಹೈಬ್ರಿಡ್ಡಿನ ಟ್ಯಾಂಕು 14.5 ಗ್ಯಾಲನ್, ಅಂದರೆ ಸುಮಾರು 55 ಲೀಟರಿನದು; ಮುಳ್ಳು ಖಾಲಿ ತೋರಿಸುವಾಗಲೂ ಅದಕ್ಕೆ ಹತ್ತು ಗ್ಯಾಲನ್ ಆಸುಪಾಸಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಟ್ಯಾಂಕಿನ ಆಕಾರದಲ್ಲೇ ದೋಷವಿದೆಯೆಂದು ಕಂಪನಿ ಒಪ್ಪಿ ಆಮೇಲೆ ಬದಲಿಸಿಕೊಟ್ಟಿತು. ನಮ್ಮಲ್ಲಿ ಮಾರುವ ಈ ಜೋಡಿಯದು ಬೇರೆಯೇ ಟ್ಯಾಂಕು. ಪೆಟ್ರೋಲ್ ಎಚ್ಚರಿಕೆಯ ದೀಪ ಹತ್ತಿದ ಕೂಡಲೇ ತುಂಬಿಸಿದಾಗ 36ರಿಂದ 39 ಲೀಟರ್ ಹಿಡಿದರೆ ಸರಿಯಾಗಿಯೇ ಇದೆ ಎಂದರ್ಥ. ಪ್ರತಿ ಸಲವೂ 30 ಲೀಟರಿಗೇ ‘ಟಕ್’ ಎನ್ನುತ್ತಿದ್ದರೆ ಬೇರೆ ಬಂಕಿನಲ್ಲಿ ನೋಡಿ. ಅಲ್ಲಿಯೂ ಹಾಗೇ ಆದರೆ ಬಿಲ್ಲುಗಳನ್ನು ಇಟ್ಟುಕೊಂಡು ಬರವಣಿಗೆಯಲ್ಲಿ ದೂರು ಕೊಡಿ. ಬಾಯಿಮಾತಿನ ದೂರು ಸರ್ವೀಸಿನವರು ಬರೆಯುವ ಜಾಬ್ ಕಾರ್ಡಿಗೆ ಏರುವುದಿಲ್ಲ.

ನಿಜವಾದ ಮೈಲೇಜ್ ತಿಳಿಯಬೇಕಾದರೆ ಪರದೆಯ ಸರಾಸರಿಯನ್ನು ಬಿಡಬೇಕು. ಅದು ಸಾಮಾನ್ಯವಾಗಿ ಬಂಕಿನ ಲೆಕ್ಕಕ್ಕಿಂತ ಒಂದೆರಡು ಕಿ.ಮೀ. ಮೇಲೆಯೇ ಇರುತ್ತದೆ. ಒಂದೇ ಬಂಕ್, ಸಾಧ್ಯವಾದರೆ ಅದೇ ಪಂಪು, ಕಾರು ನಿಲ್ಲುವ ಜಾಗವೂ ಅದೇ. ಮೊದಲ ‘ಟಕ್’ಗೆ ನಿಲ್ಲಿಸಿ ದೂರ ಅಳೆಯುವ ‘ಟ್ರಿಪ್ ಬಿ’ ಮೀಟರನ್ನು ಸೊನ್ನೆ ಮಾಡಿ. ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಮತ್ತೆ ಅಲ್ಲೇ ಮೊದಲ ‘ಟಕ್’ವರೆಗೆ ತುಂಬಿಸಿ, ಲೀಟರ್ ಬರೆದುಕೊಳ್ಳಿ. ಒಂದು ಸಲದ ಫಲಿತಾಂಶ ನಂಬಬೇಡಿ. ನಳಿಕೆ ಒಂದು ಲೀಟರ್ ಮೊದಲೇ ನಿಂತರೂ 20 ಲೀಟರಿನಲ್ಲಿ ಶೇಕಡಾ ಐದು ತಪ್ಪಾಯಿತು. ಮೂರು ಸಲದ ಕಿಲೋಮೀಟರ್ ಕೂಡಿಸಿ ಮೂರು ಸಲದ ಲೀಟರಿನಿಂದ ಭಾಗಿಸಿದರೆ ತಪ್ಪು ಕರಗುತ್ತದೆ. ಬೆಳಿಗ್ಗೆ ಬೇಗ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎನ್ನುವುದನ್ನು ತಲೆಗೆ ಹಚ್ಚಿಕೊಳ್ಳುವುದು ಬೇಡ, ಪೆಟ್ರೋಲ್ ಇರುವುದು ನೆಲದಡಿಯ ಟ್ಯಾಂಕಿನಲ್ಲಿ, ಅಲ್ಲಿ ಬಿಸಿಲಿನ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಎಥನಾಲಿನ ವಿಷಯ ಮಾತ್ರ ನಿಜ. ಶೇಕಡಾ 20 ಎಥನಾಲ್ ಸೇರಿದ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಆರೇಳು ಶೇಕಡಾ ಶಕ್ತಿ ಕಡಿಮೆ. ಹೊಸ ಕಾರಿನ ಪೈಪು, ವಾಷರುಗಳು ಅದಕ್ಕೆ ತಕ್ಕಂತೆ ಇರುತ್ತವೆ, ಆದರೆ ಲೀಟರಿನಲ್ಲಿ ಇಲ್ಲದ ಶಕ್ತಿಯನ್ನು ಯಾವ ಕಾರೂ ಹುಟ್ಟಿಸುವುದಿಲ್ಲ.

ಹೀಗೆ ಅಳೆದಾಗ ರಸ್ತೆಗೊಂದು ಉತ್ತರ. ತಲಪಾಡಿಯಿಂದ ಚೆರ್ಕಳದ ಕಡೆಗೆ ಆರು ಪಥವಾಗಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ 60, 70ರ ವೇಗದಲ್ಲಿ ಸಮನಾಗಿ ಹೋದರೆ 23ರಿಂದ 25. ಅದೇ ರಸ್ತೆಯಲ್ಲಿ 100 ಹಿಡಿದರೆ 17, 18ಕ್ಕೆ ಇಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ, ಬ್ಯಾಟರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ, ಬ್ರೇಕ್ ಹಾಕಿದಾಗ ವಾಪಸು ಸಿಗುವ ಶಕ್ತಿಯೂ ಅಲ್ಲಿ ಸಿಗುವುದಿಲ್ಲ. ಹಳೆಯ ಇಕ್ಕಟ್ಟಿನ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಸಿಗುತ್ತಿದ್ದ ಮೈಲೇಜ್ ಹೊಸ ರಸ್ತೆಯಲ್ಲಿ ಸಿಗುತ್ತಿಲ್ಲ ಎಂದು ಹಳೆಯ ಮಾಲಕರು ಗೊಣಗಿದರೆ ಅದರಲ್ಲಿ ಹುರುಳಿದೆ. ಕಾಸರಗೋಡು ಪೇಟೆಯ ಒಳಗೆ, ಸರ್ವೀಸ್ ರಸ್ತೆಯ ನಿಂತು ಹೊರಡುವ ಗೊಂದಲದಲ್ಲಿ ಈ ಕಾರು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, 22ರ ಮೇಲೆ ಸಿಗುತ್ತದೆ, ಒಂದು ಷರತ್ತಿನ ಮೇಲೆ: ಎಂಜಿನ್ ಆಗಲೇ ಬಿಸಿಯಾಗಿರಬೇಕು.

ಆ ಷರತ್ತೇ ಹಳ್ಳಿಮನೆಯವರ ಸಂಕಟ. ಮನೆಯಿಂದ ನೀರ್ಚಾಲು ಪೇಟೆಗೆ ಎರಡು ಮೂರು ಕಿಲೋಮೀಟರ್, ಹಾಲು ಸೊಸೈಟಿ, ಶಾಲೆ, ವಾಪಸು. ತಣ್ಣಗಿನ ಎಂಜಿನನ್ನು ಕಾರು ಮೊದಲ ಕೆಲವು ನಿಮಿಷ ಬೇಕಿರಲಿ ಬೇಡದಿರಲಿ ಓಡಿಸುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಕೂಲೆಂಟ್ ಬಿಸಿಯಾಗುವವರೆಗೆ. ಬಿಸಿಯಾಗುವ ಹೊತ್ತಿಗೆ ಊರು ಬಂತು. ಇಂಥ ಓಟದಲ್ಲಿ 14, 15 ಬಂದರೆ ಕಾರಿನ ತಪ್ಪಲ್ಲ. ಬ್ಯಾಟರಿಯಿಂದಷ್ಟೇ ಓಡಿಸುವ ಇವಿ ಮೋಡ್ ಗುಂಡಿ ಒತ್ತಿದರೂ ಎಂಜಿನ್ ತಣ್ಣಗಿದ್ದರೆ, ಬ್ಯಾಟರಿ ಕೆಳಗಿದ್ದರೆ, ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ತುಳಿದರೆ ಅದು ಒಪ್ಪುವುದಿಲ್ಲ. ಆ ಗುಂಡಿ ಇರುವುದು ಅಂಗಳದಿಂದ ಶೆಡ್ಡಿಗೆ ಸದ್ದಿಲ್ಲದೆ ಕಾರು ಸರಿಸಲು ಎಂದುಕೊಂಡರೆ ನಿರಾಸೆ ಇಲ್ಲ. ಮೂರು ಕೆಲಸವನ್ನು ಒಂದೇ ಸುತ್ತಿಗೆ ಸೇರಿಸಿ ಮುಗಿಸುವುದು ಯಾವ ಮೋಡ್‌ಗಿಂತಲೂ ಹೆಚ್ಚು ಉಳಿಸುತ್ತದೆ.

ದೊಡ್ಡ ಬ್ಯಾಟರಿ ಎಂದೆವಲ್ಲ, ಅದರ ಗಾತ್ರ ತಿಳಿದರೆ ಈ ಕಾರಿನ ಅರ್ಧ ಒಗಟು ಬಿಡುತ್ತದೆ. ಇದರದ್ದು 0.76 ಕಿಲೋವ್ಯಾಟ್ ಅವರ್, ಅಂದರೆ ಸುಮಾರು ಮುಕ್ಕಾಲು ಯೂನಿಟ್ ಕರೆಂಟು. ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿಯೇ 1.8 ಕಿಲೋವ್ಯಾಟ್ ಅವರಿನದು. ಕಾರಿನದು ಅದರ ಅರ್ಧವೂ ಇಲ್ಲ. ಆಯುಸ್ಸು ಬರಲೆಂದು ಪೂರ್ತಿ ತುಂಬಲೂ ಪೂರ್ತಿ ಇಳಿಯಲೂ ಬಿಡುವುದಿಲ್ಲ, ಹಾಗಾಗಿ ಕೈಗೆ ಸಿಗುವುದು ಸುಮಾರು 0.3. ಮದುವೆ ಹಾಲಿನ ಎದುರು ಎಸಿ ಹಾಕಿ ಕುಳಿತರೆ ಕಾಲು ಗಂಟೆಯೊಳಗೆ ಎಂಜಿನ್ ಎದ್ದೇ ಏಳುತ್ತದೆ, ಕೆಲವು ನಿಮಿಷ ಓಡಿ ಮತ್ತೆ ಮಲಗುತ್ತದೆ. ‘ಕಾರು ತಾನಾಗಿ ಸ್ಟಾರ್ಟ್ ಆಯಿತು’ ಎಂದು ಗಾಬರಿಯಾಗುವವರು ಉಂಟು.

ಈಗ ಘಟ್ಟ. ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಏರುವುದು ಸುಮಾರು ಸಾವಿರ ಮೀಟರ್. ಕಾರಿನ ತೂಕ 1,300 ಕಿಲೋ ಸಮೀಪ, ಇಬ್ಬರು ಕುಳಿತರೆ 1,450. ಅಷ್ಟನ್ನು ಸಾವಿರ ಮೀಟರ್ ಎತ್ತುವುದಕ್ಕೆ ಬೇಕಾದ ಶಕ್ತಿ ಸುಮಾರು 4 ಕಿಲೋವ್ಯಾಟ್ ಅವರ್. ಎತ್ತುವುದಕ್ಕೇ ಒಂದೂಕಾಲರಿಂದ ಒಂದೂವರೆ ಲೀಟರ್ ಹೋಗುತ್ತದೆ, ಓಡುವುದಕ್ಕೆ ಬೇರೆ. ಏರಿನಲ್ಲಿ ಲೀಟರಿಗೆ 12, 13 ಬರುವುದು ಹೀಗೆ. ಇಳಿಯುವಾಗ ಅದೆಲ್ಲ ವಾಪಸು ಸಿಗುತ್ತದೆ ಎಂದು ಷೋರೂಮಿನಲ್ಲಿ ಹೇಳುವುದುಂಟು. ಸಿಗುವುದಿಲ್ಲ. ಚಕ್ರದ ಉರುಳಾಟ, ಗಾಳಿ, ಎಸಿ ಎಲ್ಲಕ್ಕೂ ಅರ್ಧ ಕಳೆದರೂ ಇಳಿತದಲ್ಲಿ ಹುಟ್ಟುವ ಶಕ್ತಿ ಬ್ಯಾಟರಿಗೆ ಹಿಡಿಯುವುದರ ಆರು ಪಟ್ಟು. ಮಡಿಕೇರಿಯಿಂದ ಹೊರಟು ಕೆಲವೇ ತಿರುವುಗಳಲ್ಲಿ ಬ್ಯಾಟರಿ ತುಂಬಿ ಕೂರುತ್ತದೆ, ಅಲ್ಲಿಂದ ಕೆಳಗೆ ಕರೆಂಟ್ ಹೋಗಲು ಜಾಗವಿಲ್ಲ.

ಆಗ ಬ್ರೇಕಿನ ಸ್ವಭಾವ ಬದಲಾಗುತ್ತದೆ. ಅಷ್ಟು ಹೊತ್ತು ಕಾಲು ಎತ್ತಿದರೆ ಹಿಡಿದಂತಾಗುತ್ತಿದ್ದ ಕಾರು ಈಗ ಜಾರುತ್ತದೆ, ಎಂಜಿನ್ ಸುಮ್ಮನೆ ಜೋರಾಗಿ ತಿರುಗಿ ಕೂಗುತ್ತದೆ. ಈ ಕೂಗು ಕೇಳಿ ಪೆಟ್ರೋಲ್ ಸುಡುತ್ತಿದೆ ಎಂದುಕೊಳ್ಳಬೇಡಿ, ಹೆಚ್ಚಾದ ಕರೆಂಟಿನಿಂದ ಮೋಟಾರು ಎಂಜಿನನ್ನು ತಿರುಗಿಸಿ ಶಕ್ತಿ ಕಳೆಯುತ್ತಿದೆ. ಇಳಿತ ಶುರುವಾಗುವಾಗಲೇ ಗೇರ್ ಲಿವರನ್ನು ಡಿಯಿಂದ ಬಿಗೆ ಹಾಕಬೇಕು, ಬ್ಯಾಟರಿ ತುಂಬಿದ ಮೇಲಲ್ಲ. ಬಿ ಎಂದರೆ ಎಂಜಿನಿನ ಹಿಡಿತ. ಸಮನೆಲಕ್ಕೆ ಬಂದ ಮೇಲೆ ಡಿಗೆ ಮರಳಿಸಿ. ಬಿಯಲ್ಲೇ ಪೇಟೆ ಸುತ್ತಿದರೆ ಮೈಲೇಜ್ ಸೋರುತ್ತದೆ. ಇನ್ನು ಏರಿನಲ್ಲಿ ಐದು ಜನ, ಸಾಮಾನು, ಎಸಿ. ಎಂಜಿನ್ 92 ಪಿಎಸ್, ಒಟ್ಟು ಶಕ್ತಿ 115 ಎಂದು ಬರೆದಿರುತ್ತಾರೆ. ನಡುವಿನ ಸುಮಾರು 23 ಬ್ಯಾಟರಿಯ ಪಾಲು. ಉದ್ದ ಏರಿನಲ್ಲಿ ಬ್ಯಾಟರಿ ಕೆಳಗಿಳಿದ ಕೂಡಲೇ ಆ ಪಾಲು ಇಲ್ಲ. ಮೂರು ಸಿಲಿಂಡರಿನ ಎಂಜಿನ್ ಒಂದೇ ಸ್ವರದಲ್ಲಿ ಕಿರುಚುತ್ತದೆ, ವೇಗ ಮಾತ್ರ ಏರುವುದಿಲ್ಲ. ಬಸ್ಸನ್ನು ಹಿಂದೆ ಹಾಕುವ ಯೋಚನೆಯನ್ನು ಆಗ ಬಿಡುವುದೇ ಲೇಸು.

ಕಾರಿನೊಳಗಿನ ತಂತ್ರಜ್ಞಾನಕ್ಕೆ ಬಂದರೆ ದಿನನಿತ್ಯದ ಸಿಟ್ಟು ಹೆಚ್ಚಿನದು ಫೋನಿನ ಮ್ಯಾಪು, ಹಾಡನ್ನು ಕಾರಿನ ಪರದೆಗೆ ತರುವ ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಮೇಲೆ. ಈ ಕಾರಿಗೆ ಮಾತ್ರ ಅಂಟಿದ ರೋಗವಲ್ಲ, ಈಗಿನ ಬಹಳಷ್ಟು ಕಾರುಗಳಲ್ಲೂ ಇದೆ. ಫೋನು ಮೊದಲು ಬ್ಲೂಟೂತಿನಲ್ಲಿ ಕಾರನ್ನು ಗುರುತಿಸಿ, ಆಮೇಲೆ ಕಾರಿನದೇ ವೈಫೈಗೆ ಹಾರುತ್ತದೆ. ಫೋನಿನ ಹಾಟ್‌ಸ್ಪಾಟ್ ಆನ್ ಇದ್ದರೆ, ವಿಪಿಎನ್ ಇದ್ದರೆ, ಬ್ಯಾಟರಿ ಸೇವರ್ ಹಾಕಿದ್ದರೆ, ಅಂಗಳದಲ್ಲಿ ಮನೆಯ ವೈಫೈಗೇ ಅಂಟಿಕೊಂಡಿದ್ದರೆ ಆ ಹಾರಾಟ ತಪ್ಪುತ್ತದೆ. ಕ್ರಮ ಹೀಗೆ: ಫೋನಿನ ಬ್ಲೂಟೂತ್ ಪಟ್ಟಿಯಿಂದ ಕಾರನ್ನು ಅಳಿಸಿ, ಕಾರಿನ ಪರದೆಯಿಂದ ಫೋನನ್ನೂ ಅಳಿಸಿ. ಒಂದೇ ಕಡೆ ಅಳಿಸಿದರೆ ಸಾಲದು. ಆಂಡ್ರಾಯ್ಡ್ ಆಟೋ ಆ್ಯಪಿನ ಕ್ಯಾಶ್ ತೆಗೆದು, ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ಬೇಡವೆಂದು ಹಾಕಿ, ಹೊಸದಾಗಿ ಜೋಡಿಸಿ. ಮನೆಯಲ್ಲಿ ಇಬ್ಬರ ಫೋನ್ ಜೋಡಿಸಿದ್ದರೆ ಯಾರದ್ದು ಮೊದಲು ಎಂಬುದನ್ನೂ ಅಲ್ಲೇ ತೀರ್ಮಾನಿಸಿ, ಇಲ್ಲವಾದರೆ ಹಿಂದಿನ ಸೀಟಿನವರ ವಾಟ್ಸಾಪ್ ಕರೆ ಎದುರಿನ ಸ್ಪೀಕರಿನಲ್ಲಿ ಮೊಳಗುತ್ತದೆ. ಇಷ್ಟಾದರೂ ಕಡಿಯುತ್ತಿದ್ದರೆ ಕೇಬಲ್ಲೇ ಗತಿ. ಪೆಟ್ಟಿಗೆ ಅಂಗಡಿಯ 80 ರೂಪಾಯಿಯ ಕೇಬಲ್ ಚಾರ್ಜ್ ಮಾತ್ರ ಮಾಡಬಹುದು, ಡೇಟಾ ಹೋಗುವ ಕೇಬಲ್ ಎಂದು ಕೇಳಿ, ಒಂದು ಮೀಟರಿಗಿಂತ ಉದ್ದ ಬೇಡ. ವೈರ್‌ಲೆಸ್ ಚಾರ್ಜರಿನ ಮೇಲಿಟ್ಟು ಮ್ಯಾಪ್ ಓಡಿಸಿದರೆ ಏಪ್ರಿಲ್ ಬಿಸಿಲಿಗೆ ಫೋನು ಕಾದು ತಾನೇ ಚಾರ್ಜ್ ನಿಲ್ಲಿಸುತ್ತದೆ. ಹಾಳಾಗಿ ಅಲ್ಲ, ತನ್ನನ್ನು ಕಾಪಾಡಿಕೊಳ್ಳಲು.

ಮ್ಯಾಪಿನದ್ದು ಬೇರೆ ಗೋಳು. ಆರು ಪಥದ ಮುಖ್ಯ ರಸ್ತೆಯೂ ಪಕ್ಕದ ಸರ್ವೀಸ್ ರಸ್ತೆಯೂ ಕೆಲವೇ ಮೀಟರ್ ಅಂತರದಲ್ಲಿವೆ, ಜಿಪಿಎಸ್ಸಿನ ತಪ್ಪೇ ಅಷ್ಟಿರುತ್ತದೆ. ನೀವು ಮೇಲೆ ಹೋಗುತ್ತಿರುವಾಗ ‘ಎಡಕ್ಕೆ ತಿರುಗಿ’ ಎಂದರೆ ಅಲ್ಲಿ ತಡೆಗೋಡೆ. ಕುಂಬಳೆ, ಉಪ್ಪಳದಂಥ ಪೇಟೆಗೆ ಇಳಿಯಬೇಕಾದರೆ ಮ್ಯಾಪಿನ ಮಾತಿಗೆ ಕಾಯದೆ ಹಸಿರು ಫಲಕ ನೋಡಿ ಮೊದಲೇ ಸರ್ವೀಸ್ ರಸ್ತೆ ಹಿಡಿಯಿರಿ. ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕು. ಒಳನಾಡಿನ ಕಾಡಿನ ತುಣುಕುಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಗೂಗಲ್ ಮ್ಯಾಪಿನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ ಮಂಗಳೂರಿನಿಂದ ಕಾಞಂಗಾಡಿನವರೆಗೆ, ಮೂಡಣಕ್ಕೆ ಮಡಿಕೇರಿ ಸೇರುವಂತೆ ಚೌಕ ಎಳೆದು ಇಳಿಸಿಟ್ಟರೆ ಆ ಚಿಂತೆ ತಪ್ಪುತ್ತದೆ.

ಕಾರನ್ನು ಫೋನಿನಿಂದಲೇ ನೋಡುವ ಆ್ಯಪ್ ಒಂದಿದೆ, ಕಾರಿನೊಳಗಿನ ಸಿಮ್ ಮೂಲಕ. ಎಲ್ಲಿ ನಿಂತಿದೆ, ಬಾಗಿಲು ಲಾಕ್ ಆಗಿದೆಯೇ ಎಂಬುದಕ್ಕೆ ಸಾಕು. ಅದರಲ್ಲಿ ಕಾಣುವ ‘ಉಳಿದ ದೂರ’ ಕಾರು ಕೊನೆಯ ಸಲ ಸಿಗ್ನಲ್ ಕಂಡಾಗಿನದ್ದು. ಚಂದಾ ಮುಗಿದ ಮೇಲೆ ದುಡ್ಡು ಕೊಟ್ಟು ಮುಂದುವರಿಸುವಷ್ಟು ಅದರಲ್ಲಿ ಏನೂ ಇಲ್ಲ.

ಗಲ್ಫಿನಲ್ಲಿರುವವರು ಈ ಕಾರು ಕೊಳ್ಳುವುದಾದರೆ ಮುಂದಿನದನ್ನು ಗಮನವಿಟ್ಟು ಓದಬೇಕು. ರಜೆ ಮುಗಿಸಿ ಹೋಗಿ ಮೂರು ತಿಂಗಳ ಮೇಲೆ ಬಂದರೆ ಕಾರು ಬಾಗಿಲನ್ನೇ ತೆರೆಯುವುದಿಲ್ಲ. ದೊಡ್ಡ ಬ್ಯಾಟರಿ ತುಂಬಿಯೇ ಇರಬಹುದು. ಸತ್ತಿರುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ಲಾಕು, ಅಲಾರಂ, ಸಿಮ್ ಎಲ್ಲ ಅದನ್ನು ದಿನವೂ ಸ್ವಲ್ಪ ಸ್ವಲ್ಪ ಹೀರುತ್ತವೆ, ಅದಿಲ್ಲದೆ ದೊಡ್ಡ ಬ್ಯಾಟರಿಯ ಸ್ವಿಚ್ ಕೂಡಿಕೊಳ್ಳುವುದಿಲ್ಲ. ಕೀಯ ಒಳಗೆ ಲೋಹದ ಚಿಕ್ಕ ಕೀ ಇದೆ, ಅದರಿಂದ ಚಾಲಕನ ಬಾಗಿಲು ತೆರೆಯಬಹುದು. ಜಂಪರ್ ಹಾಕಿ ಕಾರನ್ನು ಎಬ್ಬಿಸಬಹುದು, ಆದರೆ ಈ ಕಾರಿನಿಂದ ಇನ್ನೊಂದು ಕಾರಿಗೆ ಜಂಪರ್ ಕೊಡಬಾರದು. ಊರಲ್ಲಿರುವ ಅಪ್ಪನಿಗೋ ತಮ್ಮನಿಗೋ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಲು ಹೇಳಿ ಹೋಗುತ್ತಾರೆ, ಎಡವಟ್ಟಾಗುವುದು ಅಲ್ಲಿಯೇ. ಬ್ರೇಕ್ ಒತ್ತದೆ ಗುಂಡಿ ಒತ್ತಿದರೆ ಪರದೆ ಬೆಳಗುತ್ತದೆ, ಹಾಡು ಬರುತ್ತದೆ, ಕಾರು ಸ್ಟಾರ್ಟ್ ಆಗಿರುವುದಿಲ್ಲ. ಅರ್ಧ ಗಂಟೆ ಹಾಗೆ ಕುಳಿತರೆ ಬ್ಯಾಟರಿ ಇನ್ನಷ್ಟು ಬೇಗ ಸಾಯುತ್ತದೆ. ಬ್ರೇಕ್ ಒತ್ತಿ ಗುಂಡಿ ಒತ್ತಿ ‘ರೆಡಿ’ ಬಂದ ಮೇಲೆ ಅರ್ಧದಿಂದ ಒಂದು ಗಂಟೆ ಬಿಡಬೇಕು, ಲೈಟು ಎಸಿ ಆಫ್ ಮಾಡಿ. ಶೆಡ್ಡಿನ ಬಾಗಿಲು ತೆರೆದೇ ಇರಬೇಕು, ನಡುವೆ ಎಂಜಿನ್ ಎದ್ದು ಹೊಗೆ ಬಿಡುತ್ತದೆ. ಸುತ್ತ ಒಂದು ಓಟ ಓಡಿಸಿದರೆ ಇನ್ನೂ ಒಳ್ಳೆಯದು, ಡಿಸ್ಕಿನ ತುಕ್ಕೂ ಹೋಗುತ್ತದೆ. ಕೀಯನ್ನು ಕಾರಿನ ಪಕ್ಕದ ಗೋಡೆಗೆ ತೂಗುಹಾಕಬೇಡಿ. ಅವೆರಡೂ ಪರಸ್ಪರ ಮಾತಾಡುತ್ತಲೇ ಇರುತ್ತವೆ, ಎರಡರ ಬ್ಯಾಟರಿಯೂ ಕರಗುತ್ತದೆ. ಕೀಯ ಸೆಲ್ ಮುಗಿದರೆ ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ, ಆಮೇಲೆ ಗುಂಡಿ ಒತ್ತಿದರೆ ಕೆಲಸ ನಡೆಯುತ್ತದೆ.

ಡಿಕ್ಕಿ ಚಿಕ್ಕದು. ಸಾದಾ ಪೆಟ್ರೋಲ್ ಮಾದರಿಯಲ್ಲಿ 373 ಲೀಟರ್ ಇರುವ ಜಾಗ ಹೈಬ್ರಿಡ್ಡಿನಲ್ಲಿ 265, ಅಡಿಯಲ್ಲಿ ಬ್ಯಾಟರಿ ಕೂತಿರುವುದರಿಂದ. ಮಂಗಳೂರು ವಿಮಾನ ನಿಲ್ದಾಣದಿಂದ ಬರುವವರ ದೊಡ್ಡ ಪೆಟ್ಟಿಗೆ ಎರಡು ಅಡ್ಡಡ್ಡ ಹಿಡಿಯುವುದಿಲ್ಲ. ಹಿಂದಿನ ಸೀಟು ಮಡಚಿ ಅಡಿಕೆ ಗೋಣಿ, ತೆಂಗಿನಕಾಯಿ ಹಾಕುವವರು ಬ್ಯಾಟರಿಗೆ ತಂಪು ಗಾಳಿ ಹೋಗುವ ಜಾಲರಿ ಎಲ್ಲಿದೆ ಎಂದು ಡೆಲಿವರಿಯ ದಿನವೇ ಕೇಳಿ ತಿಳಿಯಬೇಕು. ಗೋಣಿ ಅದನ್ನು ಮುಚ್ಚಿದರೆ, ಮುರಮಣ್ಣಿನ ಕೆಂಪು ಧೂಳು ಕಟ್ಟಿದರೆ ಬ್ಯಾಟರಿ ಕಾಯುತ್ತದೆ, ಕಾದ ಬ್ಯಾಟರಿಯನ್ನು ಕಾರು ಕಡಿಮೆ ಬಳಸುತ್ತದೆ, ಮೈಲೇಜ್ ಇಳಿಯುತ್ತದೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಇಲಿ ಕಡಿದ ವೈರಿಗೆ ವಾರಂಟಿ ಇಲ್ಲ. ಅಡಿಕೆ ತೋಟದ ನಡುವಿನ ಶೆಡ್ಡಿನಲ್ಲಿ ಇದು ತಮಾಷೆಯ ಮಾತಲ್ಲ. ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಡಿದದ್ದು ಕಂಡರೂ ಊರಿನ ಎಲೆಕ್ಟ್ರಿಷಿಯನ್ ಕೈ ಹಾಕಬಾರದು. ಅಂಡರ್‌ಪಾಸಿನಲ್ಲಿ ನಿಂತ ಮಳೆನೀರಿಗೆ ಕಾರು ಇಳಿಸುವ ಧೈರ್ಯವೂ ಬೇಡ.

ದುಡ್ಡಿನ ಲೆಕ್ಕ ಚಿಕ್ಕದು. ಸಾಮಾನ್ಯ ಆಟೊಮ್ಯಾಟಿಕ್ ಪೆಟ್ರೋಲ್ ಕಾರು 14 ಕೊಟ್ಟರೆ ಇದು 21 ಕೊಡುತ್ತದೆ ಎನ್ನೋಣ. ಲೀಟರಿಗೆ 106 ರೂಪಾಯಿಯಂತೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ ಉಳಿಯಿತು. ಎರಡು ಕಾರಿನ ಬೆಲೆಯ ವ್ಯತ್ಯಾಸ ಎರಡೂವರೆ ಲಕ್ಷವಾದರೆ ಅದು ಮರಳಲು ಒಂದು ಲಕ್ಷ ಕಿಲೋಮೀಟರ್ ಬೇಕು. ದಿನವೂ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಐದಾರು ವರ್ಷ. ಪೂಜೆ, ಮದುವೆ, ಪೇಟೆ ಎಂದು ವರ್ಷಕ್ಕೆ ಹನ್ನೆರಡು ಸಾವಿರ ಓಡಿಸುವವರಿಗೆ ಎಂಟು ವರ್ಷಕ್ಕೂ ಮಿಕ್ಕಿ, ಅಷ್ಟರಲ್ಲಿ ಬ್ಯಾಟರಿಯ ವಾರಂಟಿಯೂ ಮುಗಿದಿರುತ್ತದೆ. ಎರಡನೆಯವರಿಗೆ ಈ ಕಾರು ಬೇಡ. ಮೊದಲನೆಯವರಿಗೆ, ನಿಧಾನ ಓಡಿಸುವವರಾದರೆ, ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಪೆಟ್ರೋಲ್ ಕಾರು ಸಿಗುವುದು ಕಷ್ಟ.

ಟೆಸ್ಟ್ ಡ್ರೈವಿಗೆ ಷೋರೂಮಿನವರು ಆಗಲೇ ಬಿಸಿಯಾದ ಕಾರನ್ನು ಹೆದ್ದಾರಿಯಲ್ಲಿ ಐದು ಕಿಲೋಮೀಟರ್ ಓಡಿಸಿ 26 ತೋರಿಸುತ್ತಾರೆ. ಬೆಳಿಗ್ಗೆಯ ಮೊದಲ ಓಟವನ್ನೇ ಕೇಳಿ, ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ, ನಾಲ್ಕು ಜನ ಕುಳಿತು ಎಸಿ ಹಾಕಿ, ನಿಮ್ಮ ಮನೆಯ ಏರು ಎಷ್ಟು ಕಡಿದಾಗಿದೆಯೋ ಅಂಥದ್ದೊಂದು ಗುಡ್ಡೆ ಹತ್ತಿಸಿ. ಹೊರಡುವ ಮೊದಲು ಟ್ರಿಪ್ ಸೊನ್ನೆ ಮಾಡಲು ಮರೆಯಬೇಡಿ, ಮನೆಯ ದೊಡ್ಡ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಿರಿ.